ಮಾಜಿ ಸೈನಿಕರ ಕೊನೆಯ ದಿನಗಳು ಮತ್ತು ನಮ್ಮ ಕರ್ತವ್ಯ

(ಸಂಘದ ಕೂಟವೊಂದರಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ಪಂಪ, ರನ್ನ, ಬಸವಣ್ಣನವರ ವಿಷಯವಾಗಿ ಮಾತನಾಡಿದ ವಿದ್ವಾಂಸರನ್ನು ನೀವು ಕೇಳಿದ್ದೀರಿ. ನಾನು ಪಂಡಿತನಲ್ಲ. ವಾಣಿಜ್ಯ ಓದಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿ, ಹೊಟ್ಟೆಪಾಡಿಗೆಂದು ಈ ಊರಿಗೆ ಬಂದವನು. ಆದುದರಿಂದ ನನ್ನ ಕೌಂಟರಿನ ಮುಂದೆ ನಾನು ಕಾಣುವ ಒಂದು ವಿಷಯವನ್ನೇ ಎತ್ತಿಕೊಂಡಿದ್ದೇನೆ. ವಿಷಯ ಹಬ್ಬದ ದಿನಗಳಿಗೆ ಒಪ್ಪುವುದೇ ಎಂದು ಕೆಲವರು ಕೇಳಬಹುದು. ನಾಡಿನ ಹಬ್ಬದಲ್ಲಿ ನಾಡನ್ನು ಕಾದವರ ನೆನಪು ಬರಬಾರದೇ ಎಂಬುದು ನನ್ನ ಉತ್ತರ.

ನವೆಂಬರ್ ನಮಗೆಲ್ಲ ರಾಜ್ಯೋತ್ಸವದ ತಿಂಗಳು. ಬ್ಯಾಂಕಿನವರಿಗೆ ಅದು ಪಿಂಚಣಿದಾರರ ತಿಂಗಳೂ ಹೌದು. "ನಾನು ಇನ್ನೂ ಬದುಕಿದ್ದೇನೆ" ಎಂದು ವರ್ಷಕ್ಕೊಮ್ಮೆ ಅವರು ಜೀವಂತ ಪ್ರಮಾಣಪತ್ರ ಕೊಡಬೇಕಾದುದು ಆಗಲೇ. ಸಿಕಂದರಾಬಾದು 1806ರಿಂದ ದಂಡಿನ ಊರಾಗಿರುವುದರಿಂದ ಇಲ್ಲಿಯ ಪಿಂಚಣಿದಾರರಲ್ಲಿ ಸೈನ್ಯದಿಂದ ಬಂದವರು ಬಹಳ. ಅವರಲ್ಲಿ ನಮ್ಮ ಬೀದರ, ಕಲಬುರಗಿ, ರಾಯಚೂರು ಕಡೆಯವರೂ ಇದ್ದಾರೆ, ಧಾರವಾಡ ಬೆಳಗಾವಿಯ ಕಡೆಯವರೂ ಇದ್ದಾರೆ. ಒಂದು ವರ್ಷ ನೆಟ್ಟಗೆ ನಡೆದು ಬಂದವರು ಮರುವರ್ಷ ಕೋಲೂರಿಕೊಂಡು ಬರುತ್ತಾರೆ. ಆಮೇಲಿನ ವರ್ಷ ಮಗನ ತೋಳು ಹಿಡಿದು ಬರುತ್ತಾರೆ. ಅದರ ಮುಂದಿನ ವರ್ಷ ಮಗನೊಬ್ಬನೇ ಬಂದು, "ಅಪ್ಪ ಹಾಸಿಗೆ ಹಿಡಿದಿದ್ದಾರೆ, ಏನು ಮಾಡಬೇಕು?" ಎಂದು ಕೇಳುತ್ತಾನೆ. ನನ್ನ ಭಾಷಣ ಈ ಪ್ರಶ್ನೆಗೆ ಸಂಬಂಧಿಸಿದ್ದು.

ಸೈನಿಕನನ್ನು ಗೌರವಿಸುವುದು ಕನ್ನಡಿಗರಿಗೆ ಹೊಸದಲ್ಲ. ನಮ್ಮ ಊರೂರಿನ ಹೊರಗೆ ವೀರಗಲ್ಲುಗಳು ನಿಂತಿವೆ. ಹತ್ತನೆಯ ಶತಮಾನದ ಆತಕೂರಿನ ಕಲ್ಲಂತೂ, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯನ್ನು ಸಹ ಮರೆಯಲಿಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ದಳದಲ್ಲಿ ಮೈಸೂರಿನ ಮತ್ತು ಜೋಧಪುರದ ರಾವುತರು ಮುನ್ನುಗ್ಗಿದರು. ಹೈದರಾಬಾದಿನ ರಾವುತರೂ ಅದೇ ದಳಕ್ಕೆ ಸೇರಿದವರು. ದೆಹಲಿಯ ತೀನ್ ಮೂರ್ತಿ ಚೌಕದ ಮೂರು ವಿಗ್ರಹಗಳು ಆ ಮೂರು ಸಂಸ್ಥಾನಗಳ ಹೆಸರಿನವು. ಮೈಸೂರೂ ಹೈದರಾಬಾದೂ ಅಲ್ಲಿ ಪಕ್ಕಪಕ್ಕದಲ್ಲಿ ನಿಂತಿವೆ ಎಂಬುದು ಈ ಊರಿನ ಕನ್ನಡಿಗರು ಹೆಮ್ಮೆಯಿಂದ ನೆನೆಯತಕ್ಕ ಮಾತು.

ಆದರೆ ವೀರಗಲ್ಲು ನಿಲ್ಲಿಸಿದ್ದು ಕಾದಾಡಿ ಮಡಿದವನಿಗೆ. ಕಾದಾಡಿ ಮನೆಗೆ ಹಿಂದಿರುಗಿ, ಮಕ್ಕಳ ಮದುವೆ ಮಾಡಿ, ಮುದುಕನಾಗಿ, ಹಾಸಿಗೆಯಲ್ಲಿ ಮಲಗಿ ಸಾಯುವವನಿಗೆ ಏನಿದೆ? 1965ರ ಯುದ್ಧದಲ್ಲಿ ಇಪ್ಪತ್ತು ವರ್ಷದವರಾಗಿದ್ದವರು ಈಗ ಎಂಬತ್ತು ದಾಟಿದ್ದಾರೆ. 1971ರಲ್ಲಿ ಅದೇ ವಯಸ್ಸಿನವರಾಗಿದ್ದವರು ಎಪ್ಪತ್ತೈದರ ಆಸುಪಾಸಿನಲ್ಲಿದ್ದಾರೆ. ಫೀಲ್ಡ್ ಮಾರ್ಷಲ್ ಮಾಣೆಕ್ ಷಾ ಅವರು 2008ರ ಜೂನ್ 27ರಂದು ವೆಲ್ಲಿಂಗ್ಟನ್ನಿನ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ನಮ್ಮ ಕೊಡಗಿನ ಕಾರಿಯಪ್ಪನವರು 1993ರ ಮೇ 15ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಆ ಮಹನೀಯರ ಸುದ್ದಿ ಪತ್ರಿಕೆಗಳಲ್ಲಿ ಬಂದಿತು. ಆದರೆ ಅವರ ಆಜ್ಞೆಯಂತೆ ನಡೆದ ಸಿಪಾಯಿ, ನಾಯಕ, ಹವಾಲ್ದಾರರು ನಮ್ಮ ನಿಮ್ಮ ಬೀದಿಯ ಎರಡು ಕೋಣೆಯ ಮನೆಗಳಲ್ಲಿ ಕಣ್ಣು ಮುಚ್ಚುತ್ತಾರೆ. ಅದು ಪಕ್ಕದ ಮನೆಯವರಿಗೂ ತಿಳಿಯುವುದಿಲ್ಲ.

ಮುದಿ ಸೈನಿಕನನ್ನು ನೋಡಿಕೊಳ್ಳುವುದು ಆಳುವವರ ಹೊಣೆ ಎಂಬ ಭಾವನೆ ಹಳೆಯದು. ಫ್ರಾನ್ಸಿನ ಹದಿನಾಲ್ಕನೆಯ ಲೂಯಿ 1670ರಲ್ಲಿ ಪ್ಯಾರಿಸಿನಲ್ಲಿ ಗಾಯಾಳು ಸೈನಿಕರಿಗಾಗಿ ಒಂದು ದೊಡ್ಡ ಆಶ್ರಯವನ್ನು ಸ್ಥಾಪಿಸಿದ. ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ 1682ರಲ್ಲಿ ಚೆಲ್ಸಿಯಲ್ಲಿ ಅಂಥದನ್ನೇ ಸ್ಥಾಪಿಸಿದ. ನಮ್ಮ ದೇಶದಲ್ಲಿ ಪುಣೆಯ ಖಡಕಿಯಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದು ಕಾಲುಗಳ ಸ್ವಾಧೀನ ಕಳೆದುಕೊಂಡ ಯೋಧರಿಗಾಗಿ 1974ರಿಂದ ಒಂದು ಪುನರ್ವಸತಿ ಕೇಂದ್ರವಿದೆ. 2003ರ ಏಪ್ರಿಲ್ 1ರಿಂದ ಮಾಜಿ ಸೈನಿಕರ ಆರೋಗ್ಯ ಯೋಜನೆ, ಎಂದರೆ ಎಲ್ಲರೂ ಇ.ಸಿ.ಎಚ್.ಎಸ್. ಎಂದು ಕರೆಯುವ ಯೋಜನೆ, ನಡೆಯುತ್ತಿದೆ. ಪಿಂಚಣಿದಾರನು ಒಮ್ಮೆ ವಂತಿಗೆ ಕಟ್ಟಿದರೆ ಅವನಿಗೂ ಅವನ ಹೆಂಡತಿಗೂ ಜೀವನಪರ್ಯಂತ ಚಿಕಿತ್ಸೆ ದೊರೆಯುತ್ತದೆ. ಪಾಲಿಕ್ಲಿನಿಕ್ಕಿನ ವೈದ್ಯರು ಚೀಟಿ ಕೊಟ್ಟರೆ, ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೂ ಹೋಗಬಹುದು. ಎರಡನೆಯ ಮಹಾಯುದ್ಧದಲ್ಲಿ ದುಡಿದು ಪಿಂಚಣಿಯಿಲ್ಲದೆ ಹೊರಬಂದವರಿಗೂ 2019ರಲ್ಲಿ ಇದರ ಬಾಗಿಲು ತೆರೆಯಿತು.

ಈ ಯೋಜನೆ ಒಳ್ಳೆಯದು. ಆದರೆ ಆಸ್ಪತ್ರೆಯೆಂಬುದು ಗುಣಪಡಿಸುವುದಕ್ಕಾಗಿ ಕಟ್ಟಿದ ಸ್ಥಳ. ಗುಣವಾಗದ ರೋಗ ಬಂದು, ವೈದ್ಯರು "ಇನ್ನು ಮನೆಗೆ ಕರೆದುಕೊಂಡು ಹೋಗಿ" ಎಂದ ಮೇಲೆ ಉಳಿಯುವ ವಾರಗಳು, ತಿಂಗಳುಗಳು ಇವೆಯಲ್ಲ, ಅವನ್ನು ಮನೆಯವರೇ ಕಳೆಯಬೇಕು. "ಮಾಡುವುದಕ್ಕೆ ಏನೂ ಉಳಿದಿಲ್ಲ" ಎಂದು ಆಗ ನಾವು ಹೇಳುವುದುಂಟು. ಈ ಮಾತು ಸರಿಯಲ್ಲ. ರೋಗಕ್ಕೆ ಮಾಡುವುದು ಉಳಿದಿಲ್ಲ, ನಿಜ. ರೋಗಿಗೆ ಮಾಡುವುದು ಬೇಕಾದಷ್ಟು ಉಳಿದಿರುತ್ತದೆ.

ಮೊದಲನೆಯದು ನೋವು. ಕ್ಯಾನ್ಸರಿನಂಥ ರೋಗದ ಕೊನೆಯಲ್ಲಿ ಬರುವ ನೋವಿಗೆ ಮಾರ್ಫೀನ್ ಎಂಬ ಮದ್ದು ಬಹುಕಾಲದಿಂದ ಇದೆ. ಅದು ದುಬಾರಿಯದೂ ಅಲ್ಲ. ಆದರೆ 1985ರ ಮಾದಕವಸ್ತುಗಳ ಕಾನೂನಿನ ಬಿಗಿಯಿಂದಾಗಿ ಆಸ್ಪತ್ರೆಗಳು ಅದನ್ನು ಇಡುವುದಕ್ಕೇ ಹಿಂಜರಿಯುತ್ತಿದ್ದವು. 2014ರ ತಿದ್ದುಪಡಿಯಿಂದ ಆ ತೊಡಕು ಎಷ್ಟೋ ಸಡಿಲವಾಯಿತು. ಹೀಗಿದ್ದರೂ "ಅದನ್ನು ಕೊಟ್ಟರೆ ಚಟ ಹತ್ತುತ್ತದೆ, ಬೇಗ ಸಾಯುತ್ತಾರೆ" ಎಂಬ ಹೆದರಿಕೆ ಮನೆಮನೆಗಳಲ್ಲಿ ಇನ್ನೂ ಇದೆ. ತಿಳಿದ ವೈದ್ಯರು ನೋವನ್ನು ಅಳೆದು, ಬೇಕಾದಷ್ಟನ್ನೇ, ಹೊತ್ತಿಗೆ ಸರಿಯಾಗಿ ಕೊಟ್ಟರೆ ಆ ಭಯಕ್ಕೆ ಕಾರಣವಿಲ್ಲ. ರಾತ್ರಿಯೆಲ್ಲ ನರಳುತ್ತಿದ್ದವರು ನಿದ್ದೆ ಮಾಡುತ್ತಾರೆ, ಮೊಮ್ಮಕ್ಕಳೊಡನೆ ನಾಲ್ಕು ಮಾತನಾಡುತ್ತಾರೆ.

ಸೈನಿಕನ ವಿಷಯದಲ್ಲಿ ಇಲ್ಲಿ ಒಂದು ವಿಶೇಷವಿದೆ. ನೋವನ್ನು ಹೇಳಿಕೊಳ್ಳಬಾರದೆಂದು ಹದಿನೆಂಟನೆಯ ವಯಸ್ಸಿನಿಂದ ಅವನನ್ನು ಪಳಗಿಸಿರುತ್ತಾರೆ. "ನೋವಿದೆಯೇ?" ಎಂದು ಕೇಳಿದರೆ "ಏನೂ ಇಲ್ಲ" ಎಂದೇ ಹೇಳುತ್ತಾನೆ. ಆದುದರಿಂದ ಬೇರೆ ರೀತಿಯಾಗಿ ಕೇಳಬೇಕು: "ರಾತ್ರಿ ನಿದ್ದೆ ಬಂದಿತೇ? ಮಗ್ಗುಲಾದರೆ ಹೇಗಾಗುತ್ತದೆ? ಊಟ ಏಕೆ ಬೇಡವಾಯಿತು?" ಬಾಯಿ ಹೇಳದಿದ್ದುದನ್ನು ಗಂಟಿಕ್ಕಿದ ಹುಬ್ಬು, ಬಿಗಿಹಿಡಿದ ಮುಷ್ಟಿ ಹೇಳುತ್ತವೆ. ತೋಪಿನ ಸದ್ದಿನ ನಡುವೆ ದುಡಿದವರಿಗೆ ಕಿವಿ ಮಂದವಾಗಿರುವುದುಂಟು. ಎದುರಿಗೆ ನಿಂತು ನಿಧಾನವಾಗಿ ಮಾತನಾಡಬೇಕು. ಹಳೆಯ ಯುದ್ಧದ ನೆನಪುಗಳು ಐವತ್ತು ವರ್ಷ ಸುಮ್ಮನಿದ್ದು ಕೊನೆಗಾಲದಲ್ಲಿ ಮೇಲೇಳುವುದೂ ಉಂಟು. ರಾತ್ರಿ ಬೆಚ್ಚಿಬೀಳುತ್ತಾರೆ, ಸತ್ತ ಜೊತೆಗಾರರ ಹೆಸರು ಹಿಡಿದು ಕೂಗುತ್ತಾರೆ. ಅಂಥವರನ್ನು ಮಲಗಿರುವಾಗ ಭುಜ ಅಲುಗಿಸಿ ಎಬ್ಬಿಸಬಾರದು. ಕಾಲ ಬಳಿ ನಿಂತು ಹೆಸರು ಹಿಡಿದು ಕರೆಯಬೇಕು. ಮದುವೆಯ ಮೆರವಣಿಗೆಯ ಪಟಾಕಿ ನಮಗೆ ಸಂಭ್ರಮ. ಅವರಿಗೆ ಅದು ಬೇರೆಯೇ ಸದ್ದು. ಕಿಟಕಿ ಮುಚ್ಚಿ, "ಇದು ಮದುವೆ ಮನೆಯ ಪಟಾಕಿ" ಎಂದು ಮೊದಲೇ ಹೇಳಿದರೆ ಎಷ್ಟೋ ಸಮಾಧಾನ. ಅಮೆರಿಕದಲ್ಲಿ 2010ರಿಂದ ಈ ಬಗೆಯ ತಿಳಿವಳಿಕೆಯನ್ನು ಆರೈಕೆ ಮಾಡುವವರಿಗೆ ಕಲಿಸುವ ಏರ್ಪಾಡಿದೆ. ಅಲ್ಲಿ ಸಾಯುತ್ತಿರುವ ಸೈನಿಕನ ಬಳಿ ಕೂರಲು ಮತ್ತೊಬ್ಬ ಮಾಜಿ ಸೈನಿಕನನ್ನೇ ಕಳಿಸಲು ಪ್ರಯತ್ನಿಸುತ್ತಾರೆ. ಹೆಂಡತಿ ಮಕ್ಕಳಿಗೆ ಹೇಳಲಾಗದ ಮಾತನ್ನು ಅವನು ಇವನಿಗೆ ಹೇಳುತ್ತಾನೆ.

ನಮ್ಮ ಊರಿನಲ್ಲಿ ನೆರವು ಎಲ್ಲಿದೆ ಎಂಬುದನ್ನು ಹೇಳುತ್ತೇನೆ. ರೆಡ್ ಹಿಲ್ಸಿನ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆ ಸರ್ಕಾರದ್ದು. ಅಲ್ಲಿ ನೋವು ಶಮನಕ್ಕಾಗಿಯೇ ಒಂದು ವಿಭಾಗವಿದೆ. ಬಂಜಾರಾ ಹಿಲ್ಸ್ ರೋಟರಿಯವರು 2011ರಲ್ಲಿ ಆರಂಭಿಸಿದ ಸ್ಪರ್ಶ್ ಹಾಸ್ಪಿಸ್ ಈಗ ಖಾಜಾಗುಡದಲ್ಲಿದೆ. ಗುಣವಾಗದ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಾರೆ. ತೆಲಂಗಾಣ ಸರ್ಕಾರವು ಜಿಲ್ಲಾ ಮಟ್ಟದಲ್ಲಿ ಉಪಶಮನ ಕೇಂದ್ರಗಳನ್ನು ತೆರೆದಿದೆ. ಅಲ್ಲಿಂದ ದಾದಿಯರು ವಾಹನದಲ್ಲಿ ಮನೆಗೇ ಬರುವ ವ್ಯವಸ್ಥೆಯೂ ಉಂಟು. ಊರಿಗೆ ಹಿಂದಿರುಗಬೇಕೆನ್ನುವವರಿಗೆ ಬೆಂಗಳೂರಿನ ಮಾರತಹಳ್ಳಿಯ ಕರುಣಾಶ್ರಯವಿದೆ. 1994ರಲ್ಲಿ ಟ್ರಸ್ಟಾಗಿ ಹುಟ್ಟಿ, 1999ರಿಂದ ಮುಂದುವರಿದ ಕ್ಯಾನ್ಸರಿನ ರೋಗಿಗಳನ್ನು ಅಲ್ಲಿ ಉಚಿತವಾಗಿ ಇರಿಸಿಕೊಳ್ಳುತ್ತಿದ್ದಾರೆ. ಇವು ಯಾವುವೂ ಸೈನಿಕರಿಗೆಂದೇ ಹುಟ್ಟಿದವಲ್ಲ, ಸೈನಿಕರಿಗೂ ಇವೆ. ಸೇನಾ ಆಸ್ಪತ್ರೆಯ ಕಾಗದಗಳನ್ನು ಕಟ್ಟಿಟ್ಟುಕೊಂಡು ಇವರ ಬಳಿ ಹೋಗಲು ಸಂಕೋಚಪಡಬಾರದು.

ಇನ್ನೊಂದು ಕಠಿಣವಾದ ಪ್ರಶ್ನೆ. ಬದುಕುವ ಆಸೆ ಉಳಿಯದ ರೋಗಿಗೆ ಯಂತ್ರದಿಂದ ಉಸಿರಾಡಿಸುತ್ತ ಎಷ್ಟು ದಿನ ಇಡಬೇಕು? ಸುಪ್ರೀಂ ಕೋರ್ಟು 2018ರ ಮಾರ್ಚ್ 9ರಂದು, ಘನತೆಯಿಂದ ಸಾಯುವುದೂ ಬದುಕಿನ ಹಕ್ಕಿಗೆ ಸೇರಿದ್ದು ಎಂದು ಹೇಳಿ, ಮೊದಲೇ ಇಚ್ಛಾಪತ್ರ ಬರೆದಿಡಲು ಅವಕಾಶ ಕೊಟ್ಟಿತು. 2023ರಲ್ಲಿ ಅದರ ವಿಧಾನವನ್ನು ಸುಲಭಗೊಳಿಸಿತು. ಈಗ ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಂಡರೆ ಸಾಕು. ಆ ಹೊತ್ತು ಬಂದಾಗ ವೈದ್ಯರ ಎರಡು ಮಂಡಲಿಗಳು ನೋಡಿ ತೀರ್ಮಾನಿಸುತ್ತವೆ. ಇದನ್ನು ಬರೆಯಲೇಬೇಕೆಂದು ನಾನು ಯಾರಿಗೂ ಹೇಳುವವನಲ್ಲ. ಅವರವರ ಮನಸ್ಸು, ಅವರವರ ನಂಬಿಕೆ. ಆದರೆ ಅಪ್ಪನ ಇಷ್ಟವೇನೆಂದು ಅಪ್ಪನಿಗೆ ಮಾತು ಬರುವಾಗಲೇ ಕೇಳಿಕೊಂಡಿದ್ದರೆ, ಆಸ್ಪತ್ರೆಯ ಪಡಸಾಲೆಯಲ್ಲಿ ಅಣ್ಣತಮ್ಮಂದಿರು ಜಗಳವಾಡುವುದು ತಪ್ಪುತ್ತದೆ. ಸಾವಿಗೆ ಹೆದರದೆ ಗಡಿಯಲ್ಲಿ ನಿಂತವನೊಡನೆ ಈ ಮಾತೆತ್ತಲು ಮಕ್ಕಳು ಹೆದರುತ್ತಾರೆ; ಅವನು ಹೆದರುವುದಿಲ್ಲ.

ಇನ್ನು ನನಗೆ ತಿಳಿದ ಕೆಲಸಕ್ಕೆ, ಎಂದರೆ ಕಾಗದಪತ್ರಗಳಿಗೆ, ಬರುತ್ತೇನೆ. ಸಾಯುವವನ ಎದೆಯ ಮೇಲಿನ ದೊಡ್ಡ ಭಾರ, "ನನ್ನ ಹಿಂದೆ ಇವಳ ಗತಿಯೇನು?" ಎಂಬುದು. ಆ ಭಾರವನ್ನು ಇಳಿಸುವುದೂ ಆರೈಕೆಯೇ. ದಯವಿಟ್ಟು ಕೆಳಗಿನವನ್ನು ಬರೆದುಕೊಳ್ಳಿ.

ಹಾಸಿಗೆ ಹಿಡಿದವರು ಬ್ಯಾಂಕಿಗೆ ಬರಬೇಕಾಗಿಲ್ಲ. ಎಪ್ಪತ್ತು ವರ್ಷ ಮೀರಿದವರಿಗೂ ಅಶಕ್ತರಿಗೂ ಮನೆಯಲ್ಲೇ ಸೇವೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕು 2017ರ ನವೆಂಬರಿನಲ್ಲಿ ಸೂಚಿಸಿದೆ. ಅದರಲ್ಲಿ ಜೀವಂತ ಪ್ರಮಾಣಪತ್ರವೂ ಸೇರಿದೆ. 2014ರಿಂದ ಜೀವನ್ ಪ್ರಮಾಣ್ ಎಂಬ ಏರ್ಪಾಡಿನಲ್ಲಿ ಬೆರಳಚ್ಚಿನಿಂದಲೂ, ಈಚೆಗೆ ಫೋನಿನಲ್ಲಿ ಮುಖ ತೋರಿಸಿಯೂ ಅದನ್ನು ಕೊಡಬಹುದು. ಎಂಬತ್ತು ದಾಟಿದವರು ಅಕ್ಟೋಬರಿನಲ್ಲೇ ಕೊಡಬಹುದು.

ಸಹಿ ಮಾಡಲಾಗದವರು ಹೆಬ್ಬೆಟ್ಟು ಒತ್ತಬಹುದು. ಕೈಯೇ ಇಲ್ಲದವರು ಕಾಲಿನ ಹೆಬ್ಬೆರಳನ್ನೂ ಒತ್ತಬಹುದು. ಬ್ಯಾಂಕಿಗೆ ಪರಿಚಿತರಾದ ಇಬ್ಬರು ಸಾಕ್ಷಿಗಳಿರಬೇಕು. ಅವರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು. ಈ ನಿಯಮ ಇದೆಯೆಂದು ತಿಳಿಯದೆ, ಔಷಧಕ್ಕೆ ಹಣವಿದ್ದೂ ತೆಗೆಯಲಾಗದೆ ಒದ್ದಾಡಿದ ಮನೆಗಳನ್ನು ನಾನು ಬಲ್ಲೆ.

ಪಿಂಚಣಿಯ ಖಾತೆಯನ್ನು ಹೆಂಡತಿಯ ಜೊತೆ ಜಂಟಿಯಾಗಿ ಇಡಿ. ಕುಟುಂಬ ಪಿಂಚಣಿ ಆಕೆಗೇ ಬರಬೇಕಾಗಿದ್ದರೆ ಅದೇ ಖಾತೆ ಮುಂದುವರಿಯುತ್ತದೆ. ದುಃಖದ ದಿನಗಳಲ್ಲಿ ಹೊಸ ಖಾತೆಗೆಂದು ಆಕೆ ಅಲೆಯಬೇಕಾಗುವುದಿಲ್ಲ. ಪಿಂಚಣಿ ಆದೇಶದಲ್ಲಿ ಆಕೆಯ ಹೆಸರು ಮತ್ತು ಹುಟ್ಟಿದ ದಿನ ಆಧಾರ್ ಕಾರ್ಡಿನಲ್ಲಿ ಇದ್ದಂತೆಯೇ ಇವೆಯೇ ನೋಡಿ. ತವರಿನಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಒಂದು ಹೆಸರು ಇಡುವ ಪದ್ಧತಿ ನಮ್ಮಲ್ಲಿ ಉಂಟಷ್ಟೆ. ದಾಖಲೆಯಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು ಇದ್ದರೆ ಗಂಡ ಬದುಕಿರುವಾಗ ತಿದ್ದುವುದು ಸುಲಭ, ಆಮೇಲೆ ಕಷ್ಟ. ಕುಟುಂಬ ಪಿಂಚಣಿಯ ಸಾಮಾನ್ಯ ದರ ಸಂಬಳದ ನೂರಕ್ಕೆ 30 ಮಾತ್ರ. ಅದೂ ತಡವಾದರೆ ಆಕೆ ಏನು ಮಾಡಬೇಕು?

ಎಂಬತ್ತು ತುಂಬಿದವರಿಗೆ ಮೂಲ ಪಿಂಚಣಿಯ ಮೇಲೆ ನೂರಕ್ಕೆ 20, ಎಂಬತ್ತೈದಕ್ಕೆ 30, ತೊಂಬತ್ತಕ್ಕೆ 40, ತೊಂಬತ್ತೈದಕ್ಕೆ 50, ನೂರು ತುಂಬಿದರೆ ಮತ್ತೊಂದು ಪಿಂಚಣಿಯಷ್ಟೇ ಹೆಚ್ಚಿಗೆ ಸಲ್ಲುತ್ತದೆ. ಅದು ಬರುತ್ತಿದೆಯೇ ಎಂದು ಪಾಸ್‌ಬುಕ್ಕು ನೋಡಿ. ಪಿಂಚಣಿಯೇ ಇಲ್ಲದೆ ಸೈನ್ಯ ಬಿಟ್ಟು, ಈಗ ಅರವತ್ತೈದು ದಾಟಿ ಬಡತನದಲ್ಲಿರುವವರಿಗೂ ಅಂಥವರ ವಿಧವೆಯರಿಗೂ ರಕ್ಷಣಾ ಮಂತ್ರಿಗಳ ನಿಧಿಯಿಂದ ನೆರವು ಇದೆ. ತಿಂಗಳಿಗೆ 4,000 ಇದ್ದ ಅದನ್ನು 2025ರ ನವೆಂಬರಿನಿಂದ 8,000 ರೂಪಾಯಿಗೆ ಏರಿಸಿದ್ದಾರೆ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಅರ್ಜಿ ಕೊಡಬೇಕು. ರಕ್ಷಣಾ ಪಿಂಚಣಿಯನ್ನು ಈಗ ನಡೆಸುವ ಕಂಪ್ಯೂಟರ್ ವ್ಯವಸ್ಥೆಯ ಹೆಸರೂ ಸ್ಪರ್ಶ್, ಖಾಜಾಗುಡದ ಆಶ್ರಯದ ಹೆಸರೂ ಸ್ಪರ್ಶ್. ಒಂದಕ್ಕೆ ಹೋಗಬೇಕಾದವರು ಇನ್ನೊಂದಕ್ಕೆ ಹೋದಾರೆಂದು ಹೇಳುತ್ತಿದ್ದೇನೆ. (ನಗು)

ಕೊನೆಯದಾಗಿ ಧ್ವಜದ ಮಾತು. ಪ್ರೀತಿಯಿಂದಲೇ ಆದರೂ, ಮನೆಯವರು ತಾವಾಗಿಯೇ ರಾಷ್ಟ್ರಧ್ವಜವನ್ನು ಶವಕ್ಕೆ ಹೊದಿಸಬಾರದು. ಸರ್ಕಾರಿ ಅಥವಾ ಸೈನಿಕ ಮರ್ಯಾದೆಯ ಅಂತ್ಯಕ್ರಿಯೆಗೆ ಮಾತ್ರ ಅದು ಸಲ್ಲುತ್ತದೆ. ಆಗಲೂ ಕೇಸರಿ ತಲೆಯ ಕಡೆಗಿರಬೇಕು, ಧ್ವಜವನ್ನು ಚಿತೆಯಲ್ಲಿ ಸುಡಬಾರದು, ಗುಂಡಿಗೆ ಇಳಿಸಬಾರದು. ದಂಡಿನ ಸ್ಟೇಷನ್ ಕೇಂದ್ರ ಕಚೇರಿಗೂ ಸೈನಿಕ ಕಲ್ಯಾಣ ಕಚೇರಿಗೂ ಸುದ್ದಿ ಮುಟ್ಟಿಸಿ ಕೇಳುವುದು ಸರಿಯಾದ ದಾರಿ.

ಇಷ್ಟನ್ನೂ ಯಾವ ಊರಿನವರು ಯಾವ ಭಾಷೆಯಲ್ಲಿ ಬೇಕಾದರೂ ಹೇಳಬಹುದು. ಕನ್ನಡ ಸಂಘದಲ್ಲಿ ನಾನಿದನ್ನು ಹೇಳುವುದಕ್ಕೆ ಬೇರೊಂದು ಕಾರಣವಿದೆ.

ಮರೆವಿನ ರೋಗ ಬಂದವರಲ್ಲಿ ಮೊದಲು ಜಾರಿಹೋಗುವುದು ಆಮೇಲೆ ಕಲಿತ ಭಾಷೆ. ಕೊನೆಯವರೆಗೆ ಉಳಿಯುವುದು ತೊಟ್ಟಿಲಿನ ಭಾಷೆ. ಇದು ಅನೇಕರಲ್ಲಿ ಕಂಡುಬರುವ ಸಂಗತಿ. ನಮ್ಮ ಸೈನಿಕರು ಪಲ್ಟನ್ನಿನಲ್ಲಿ ಹಿಂದಿ ಕಲಿತರು, ಇಲ್ಲಿ ನೆಲೆಸಿ ತೆಲುಗು ಕಲಿತರು. ಹಾಸಿಗೆ ಹಿಡಿದಾಗ ಉಳಿದದ್ದು ಕನ್ನಡ. ಮಗ ಸೊಸೆ ಕೆಲಸಕ್ಕೆ ಹೋಗುತ್ತಾರೆ. ಮೊಮ್ಮಕ್ಕಳಿಗೆ ಕನ್ನಡ ಅರ್ಧಂಬರ್ಧ. ನೋಡಿಕೊಳ್ಳಲು ಬರುವ ಹೆಣ್ಣುಮಗಳು ತೆಲುಗಿನವಳು. ನನಗೆ ಗೊತ್ತಿರುವ ಒಂದು ಮನೆಯಲ್ಲಿ ರಾಯಚೂರು ಕಡೆಯ ಹಿರಿಯರೊಬ್ಬರು ಎರಡು ದಿನ "ಬ್ಯಾನಿ ಆಗ್ಲಿಕತ್ತದ" ಎನ್ನುತ್ತಲೇ ಇದ್ದರು. 'ನೋವು' ಎಂದಿದ್ದರೆ ತೆಲುಗಿನ 'ನೊಪ್ಪಿ'ಯ ನೆನಪಾಗಿ ಆಕೆ ಊಹಿಸುತ್ತಿದ್ದಳೇನೋ. 'ಬ್ಯಾನಿ' ಆಕೆಗೆ ತಿಳಿಯಲಿಲ್ಲ. ನೀರು ಕೇಳುತ್ತಾರೆಂದು ನೀರು ಕೊಟ್ಟಳು, ಬಿಸಿಲೆನ್ನುತ್ತಾರೆಂದು ಪರದೆ ಎಳೆದಳು. ಆಕೆಯದು ತಪ್ಪಲ್ಲ, ಒಳ್ಳೆಯ ಮನಸ್ಸಿನಿಂದಲೇ ಮಾಡಿದಳು. ಭಾನುವಾರ ನೆಂಟರ ಅಜ್ಜಿಯೊಬ್ಬರು ನೋಡಲು ಬಂದು, "ಎಲ್ಲಿ ಬ್ಯಾನಿ, ತಮ್ಮಾ?" ಎಂದು ಕೇಳಿದರು. ಆ ಮುದುಕರು ಬೆನ್ನಿನ ಕೆಳಗೆ ಕೈ ತೋರಿಸಿದರು. ಮಗ್ಗುಲು ಮಾಡಿ ನೋಡಿದರೆ ಮಲಗಿ ಮಲಗಿ ಹುಣ್ಣಾಗಿತ್ತು.

ಮಿತ್ರರೇ, ಭಾಷೆ ಉಳಿಯಬೇಕು ಎಂದು ನಾವು ವರ್ಷ ವರ್ಷವೂ ಭಾಷಣ ಮಾಡುತ್ತೇವೆ. ಆ ಮನೆಯಲ್ಲಿ ಆ ದಿನ ಕನ್ನಡದ ಒಂದು ಮಾತಿಗೆ ಔಷಧದಷ್ಟೇ ಬೆಲೆಯಿತ್ತು.

ಆದುದರಿಂದ ಸಂಘದ ಮುಂದೆ ನನ್ನದು ಮೂರು ಸಣ್ಣ ಬಿನ್ನಹ. ನಮ್ಮ ಸದಸ್ಯ ಕುಟುಂಬಗಳಲ್ಲಿ ಮಾಜಿ ಸೈನಿಕರು ಯಾರು, ಅವರ ವಿಧವೆಯರು ಯಾರು ಎಂಬ ಪಟ್ಟಿಯೊಂದನ್ನು ಅವರ ಒಪ್ಪಿಗೆ ಪಡೆದು ಸಿದ್ಧಪಡಿಸೋಣ. ಹಾಸಿಗೆ ಹಿಡಿದವರ ಮನೆಗೆ ವಾರಕ್ಕೊಮ್ಮೆ ಒಂದು ಗಂಟೆ ಹೋಗಿ ಕೂತು ಕನ್ನಡದಲ್ಲಿ ಮಾತನಾಡಲು ಹತ್ತು ಜನ ಮುಂದೆ ಬರಲಿ. ದೊಡ್ಡ ವಿದ್ಯೆ ಬೇಕಾಗಿಲ್ಲ. ಕೇಳುವ ತಾಳ್ಮೆ ಬೇಕು, ಕೇಳಿದ್ದನ್ನು ಹೊರಗೆ ಆಡದ ಸಂಯಮ ಬೇಕು. ನಮ್ಮಲ್ಲಿ ಗಟ್ಟಿಮುಟ್ಟಾಗಿರುವ ಮಾಜಿ ಸೈನಿಕರೂ ಇದ್ದಾರೆ. ಅವರು ಮೊದಲಿಗರಾದರೆ ಇನ್ನೂ ಒಳ್ಳೆಯದು. ಮೂರನೆಯದಾಗಿ, ನವೆಂಬರಿನ ಒಂದು ಭಾನುವಾರ ಇಲ್ಲಿಯೇ ಕಾಗದಪತ್ರಗಳನ್ನು ನೋಡಿಕೊಡುವ ಏರ್ಪಾಡು ಮಾಡೋಣ. ಆ ಮೇಜಿನ ಹಿಂದೆ ಕೂರುವ ಕೆಲಸ ನನ್ನದು.

ನೋಡಿಕೊಳ್ಳುವವರನ್ನೂ ಮರೆಯಬಾರದು. ಆರು ತಿಂಗಳಿಂದ ಒಂದು ರಾತ್ರಿಯೂ ಪೂರ್ತಿ ನಿದ್ದೆ ಮಾಡದ ಹೆಂಡತಿಗೆ ಅಥವಾ ಸೊಸೆಗೆ, ಆ ಒಂದು ಗಂಟೆ ಸಿಕ್ಕಿದರೆ ಆಕೆ ಗುಡಿಗೆ ಹೋಗಿ ಬಂದಾಳು, ಇಲ್ಲವೇ ಪಕ್ಕದ ಕೋಣೆಯಲ್ಲಿ ಮಲಗಿಯಾಳು. ಅಜ್ಜ ತೀರಿಕೊಂಡ ಮೇಲೆ ಹದಿಮೂರು ದಿನ ಎಲ್ಲರೂ ಬರುತ್ತಾರೆ. ಹದಿನಾಲ್ಕನೆಯ ದಿನವೂ ಒಬ್ಬರು ಹೋಗಿ ಬಾಗಿಲು ತಟ್ಟಬೇಕು.

ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜದಿನ. 1949ರಿಂದ ಆಚರಿಸುತ್ತ ಬಂದಿದ್ದೇವೆ. ಆ ದಿನ ಚಿಕ್ಕ ಧ್ವಜವನ್ನು ಅಂಗಿಗೆ ಚುಚ್ಚಿಕೊಂಡು ಹಣ ಹಾಕುವುದು ಒಳ್ಳೆಯ ಪದ್ಧತಿ, ಹಾಕಿರಿ. ಆ ದಿನದೊಳಗಾಗಿ ನಮ್ಮ ಪಟ್ಟಿಯೂ ಸಿದ್ಧವಾಗಲಿ ಎಂಬುದು ನನ್ನ ಆಸೆ. ಹೆಸರು ಕೊಡುವವರು ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳ ಬಳಿ ಕೊಡಬಹುದು.